ಕರೆಂಟ್ ಹೋದರೂ ಅಳಿಯದ ಸೂಚನಾ ಫಲಕ: 4.2 ಇಂಚಿನ ಇ-ಪೇಪರ್, ಇಎಸ್‌ಪಿ32 ಮತ್ತು ಸೋಲಾರ್ ಲೈಟಿನ ಸೆಲ್

ಬೇಕಾಗಿದ್ದದ್ದು ಇಷ್ಟು: ನಲ್ಲಿಯಲ್ಲಿ ನೀರು ಬರುವ ಹೊತ್ತು, ಕರೆಂಟ್ ತೆಗೆಯುವ ಹೊತ್ತು, ಎರಡು ಸಾಲು ಸೂಚನೆ. ಗಂಟೆಗೊಮ್ಮೆ ವೈಫೈನಿಂದ ತಂದು ತೋರಿಸಬೇಕು, ಗೋಡೆಗೆ ವೈರ್ ಎಳೆಯುವಂತಿಲ್ಲ, ಕರೆಂಟ್ ಹೋದಾಗಲೂ ಓದಲು ಸಿಗಬೇಕು. ಇದಕ್ಕೆ ಎಲ್‌ಸಿಡಿ ಒಗ್ಗುವುದಿಲ್ಲ. ಇ-ಪೇಪರ್ ಒಗ್ಗುತ್ತದೆ, ಏಕೆಂದರೆ ಒಮ್ಮೆ ಬರೆದ ಚಿತ್ರ ಹಿಡಿದಿಡಲು ಅದಕ್ಕೆ ಒಂದು ಹನಿ ಕರೆಂಟೂ ಬೇಡ. ತೊಂದರೆ ಕೊಡುವುದು ಗಾಜಲ್ಲ, ಗಾಜಿನ ಸುತ್ತಲಿನ ಸರ್ಕ್ಯೂಟ್. ಈ ಲಾಗಿನ ಮುಕ್ಕಾಲು ಪಾಲು ಅದರದ್ದೇ.

ಹಂತ 0: ಸಾಮಾನು

- 4.2 ಇಂಚಿನ ಕಪ್ಪು-ಬಿಳುಪು ಇ-ಪೇಪರ್ ಮಾಡ್ಯೂಲ್, 400×300 ಪಿಕ್ಸೆಲ್. ಸುಮಾರು 2,500ರಿಂದ 3,200 ರೂಪಾಯಿ.
- ಇಎಸ್‌ಪಿ32 (ವೈಫೈ ಇರುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಚಿಪ್) ಡೆವಲಪ್‌ಮೆಂಟ್ ಬೋರ್ಡ್ (ಮೊದಲ ಪರೀಕ್ಷೆಗೆ), ಸುಮಾರು 400. ಆಮೇಲೆ ಬರೀ ಇಎಸ್‌ಪಿ-ವ್ರೂಮ್-32 ಮಾಡ್ಯೂಲ್, ಸುಮಾರು 250.
- 32650 ಅಳತೆಯ 3.2 ವೋಲ್ಟ್ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಮೇಲೆ 6000 ಎಂಎಎಚ್ ಎಂದು ಬರೆದದ್ದು. ಸೋಲಾರ್ ಬೀದಿದೀಪಕ್ಕೆ ಹಾಕುವುದು ಇದೇ. ಸುಮಾರು 300.
- ಟಿಪಿ5000 ಚಾರ್ಜರ್ ಬೋರ್ಡ್, 3.6 ವೋಲ್ಟ್‌ಗೆ ಸೆಟ್ ಮಾಡಿದ್ದು. ಎಲ್ಲ ಅಂಗಡಿಯಲ್ಲೂ ಸಿಗುವ ಟಿಪಿ4056 ಬೇಡವೇ ಬೇಡ, ಅದು 4.2 ವೋಲ್ಟ್‌ವರೆಗೆ ತುಂಬುತ್ತದೆ, ಈ ಸೆಲ್‌ಗೆ ಅದು ಅತಿ.
- ಎಒ3401 ಪಿ-ಚಾನೆಲ್ ಮಾಸ್‌ಫೆಟ್ (ಇಲ್ಲಿ ಕರೆಂಟ್ ಕಡಿಯುವ ಸ್ವಿಚ್) ಒಂದು, 100 ಕೆ ಮತ್ತು 10 ಕೆ ರೆಸಿಸ್ಟರ್, 1 ಮೆಗಾಓಮ್ ಎರಡು, 470 ಮೈಕ್ರೊಫ್ಯಾರಡ್ ಕೆಪಾಸಿಟರ್, 100 ನ್ಯಾನೊಫ್ಯಾರಡ್ ಒಂದೆರಡು. ಎಲ್ಲ ಸೇರಿ 50 ರೂಪಾಯಿ ದಾಟದು.

ಕೆಂಪು ಬಣ್ಣವೂ ಇರುವ ಪ್ಯಾನೆಲ್ ನೋಡಲು ಚೆಂದ, ಆದರೆ ಒಂದು ಚಿತ್ರ ಬದಲಿಸಲು ಹದಿನೈದು ಸೆಕೆಂಡ್ ಆಸುಪಾಸು ಮಿಣುಕುತ್ತದೆ. ಬ್ಯಾಟರಿ ಕೆಲಸಕ್ಕೆ ಕಪ್ಪು-ಬಿಳುಪೇ ಸರಿ.

ಹಂತ 1: ಯಾವ ಪ್ಯಾನೆಲ್ ಬಂದಿದೆ ಎಂದು ನೋಡುವುದು

ಒಂದೇ ಹೆಸರಿನ 4.2 ಇಂಚಿನ ಮಾಡ್ಯೂಲ್ ಎರಡು ಪೀಳಿಗೆಯಲ್ಲಿ ಓಡಾಡುತ್ತಿದೆ. ಹಳೆಯದರಲ್ಲಿ ಯುಸಿ8176 ಕಂಟ್ರೋಲರ್ (ಪರದೆ ನಡೆಸುವ ಚಿಪ್), ಹೊಸದರಲ್ಲಿ (ಹಿಂದೆ ವಿ2 ಎಂಬ ಸ್ಟಿಕರ್) ಎಸ್‌ಎಸ್‌ಡಿ1683. ಆಜ್ಞೆಗಳೂ ಬೇರೆ, ಬಿಜಿ ಪಿನ್ನಿನ ಅರ್ಥವೂ ಉಲ್ಟಾ: ಯುಸಿ ಚಿಪ್ಪಿನಲ್ಲಿ ಪಿನ್ನಿನ ವೋಲ್ಟೇಜ್ ಕೆಳಗಿದ್ದರೆ ‘ಕೆಲಸ ನಡೆದಿದೆ’, ಎಸ್‌ಎಸ್‌ಡಿಯಲ್ಲಿ ಮೇಲಿದ್ದರೆ ‘ಕೆಲಸ ನಡೆದಿದೆ’. ಜಿಎಕ್ಸ್‌ಇಪಿಡಿ2 ಎಂಬ ಇ-ಪೇಪರ್ ಲೈಬ್ರರಿಯಲ್ಲಿ ಎರಡಕ್ಕೂ ಬೇರೆ ಬೇರೆ ಕ್ಲಾಸ್ ಇದೆ. ತಪ್ಪು ಕ್ಲಾಸ್ ಆರಿಸಿದರೆ ಸೀರಿಯಲ್ ಮಾನಿಟರಿನಲ್ಲಿ ‘ಬಿಜಿ ಟೈಮ್‌ಔಟ್’ ಬರುತ್ತದೆ, ಇಲ್ಲವೇ ಬರೆಯುವುದು ಮುಗಿಯುವ ಮೊದಲೇ ಪ್ರೋಗ್ರಾಂ ಮುಂದಕ್ಕೆ ಓಡುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಯಾಕೆಂದು ಹಂತ 4ರಲ್ಲಿದೆ.

ಪ್ಯಾನೆಲ್ ಮಾಡ್ಯೂಲಿಗೆ ಸೇರುವ ಚಪ್ಪಟೆ ಕೇಬಲ್ ಗಾಜಿನ ಅಂಚಿಗೆ ಅಂಟಿರುವ ಜಾಗವೇ ಎಲ್ಲಕ್ಕಿಂತ ನಾಜೂಕು. ಪ್ಯಾನೆಲ್ ಎತ್ತುವಾಗ ಗಾಜಿನ ಎರಡು ಬದಿ ಹಿಡಿಯಿರಿ, ಕೇಬಲ್ ಹಿಡಿದು ನೇತಾಡಿಸಬೇಡಿ. ಫ್ರೇಮಿಗೆ ಕೂರಿಸುವಾಗ ಕೇಬಲ್ ಹಿಂದಕ್ಕೆ ಸುತ್ತಿ ಬರುವ ತಿರುವಿಗೆ ಮೂರ್ನಾಲ್ಕು ಮಿಲಿಮೀಟರ್ ಜಾಗ ಬಿಡಿ. ಚಿತ್ರದ ಮೇಲೆ ಉದ್ದುದ್ದ ಬಿಳಿ ಗೀರು ಶಾಶ್ವತವಾಗಿ ನಿಂತಿತೆಂದರೆ ಅಲ್ಲಿ ಎಳೆ ತುಂಡಾಗಿದೆ. ಅದಕ್ಕೆ ರಿಪೇರಿ ಇಲ್ಲ.

ಹಂತ 2: ಜೋಡಣೆ ಮತ್ತು ಮೊದಲ ಚಿತ್ರ

ಇಎಸ್‌ಪಿ32 ಕಡೆಯ ಪಿನ್‌ಗಳು: ಬಿಜಿ 4, ರಿಸೆಟ್ 16, ಡಿಸಿ 17, ಸಿಎಸ್ 5, ಕ್ಲಾಕ್ 18, ಡಿನ್ 23. ವಿಸಿಸಿಗೆ (ಮಾಡ್ಯೂಲಿಗೆ ಕರೆಂಟ್ ಕೊಡುವ ಪಿನ್) 3.3 ವೋಲ್ಟ್, ಗ್ರೌಂಡಿಗೆ ಗ್ರೌಂಡ್. ಜಂಪರ್ ವೈರ್ 15 ಸೆಂಟಿಮೀಟರ್ ಒಳಗಿರಲಿ. ಲೈಬ್ರರಿಯ ಜೊತೆಗೇ ಬರುವ ‘ಹಲೋ ವರ್ಲ್ಡ್’ ಓಡಿಸಿದರೆ ಪರದೆ ಕೆಲವು ಸಲ ಕಪ್ಪು-ಬಿಳುಪಾಗಿ ಮಿಣುಕಿ, ಸುಮಾರು 4 ಸೆಕೆಂಡಿನಲ್ಲಿ ಅಕ್ಷರ ನಿಲ್ಲುತ್ತದೆ. ಈಗ ಯುಎಸ್‌ಬಿ ಕಿತ್ತುಬಿಡಿ. ಅಕ್ಷರ ಹಾಗೇ ಇರುತ್ತದೆ. ವಿಸಿಸಿ ವೈರನ್ನೂ ತೆಗೆದು, ಪ್ಯಾನೆಲನ್ನು ಡ್ರಾಯರಿನಲ್ಲಿಟ್ಟು ವಾರ ಬಿಟ್ಟು ತೆಗೆದರೂ ಇರುತ್ತದೆ.

ಇನ್ನೊಂದು ಪರೀಕ್ಷೆ ಒಮ್ಮೆ ಮಾತ್ರ ಮಾಡಿ: ಮಿಣುಕುತ್ತಿರುವಾಗಲೇ, ಎರಡನೇ ಸೆಕೆಂಡಿನಲ್ಲಿ, ಕರೆಂಟ್ ತೆಗೆಯಿರಿ. ಹಳೆಯದೂ ಅಲ್ಲದ, ಹೊಸದೂ ಅಲ್ಲದ ಬೂದು ಚಿತ್ರ, ಕೆಲವೊಮ್ಮೆ ಕಪ್ಪು-ಬಿಳುಪು ಅದಲುಬದಲಾದದ್ದು, ಹಾಗೇ ನಿಂತುಬಿಡುತ್ತದೆ. ಅದೂ ದಿನಗಟ್ಟಲೆ ಉಳಿಯುತ್ತದೆ. ಪರದೆ ‘ಚಿತ್ರ’ವನ್ನು ನೆನಪಿಡುವುದಿಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಫಿಲ್ಮಿನ ಒಳಗೆ ಕೂದಲೆಳೆಯಷ್ಟು ಅಗಲದ ಗುಳಿಗೆಗಳಿವೆ. ಒಂದೊಂದರಲ್ಲೂ ಎಣ್ಣೆಯಂಥ ದ್ರವ, ಅದರಲ್ಲಿ ಬಿಳಿ ಟೈಟಾನಿಯಂ ಡೈಆಕ್ಸೈಡ್ ಕಣ, ಕಪ್ಪು ಬಣ್ಣದ ಕಣ. ಎರಡಕ್ಕೂ ವಿರುದ್ಧ ಚಾರ್ಜ್. ಹಿಂದಿನ ಪದರದಿಂದ ಸುಮಾರು ಪ್ಲಸ್ 15 ಅಥವಾ ಮೈನಸ್ 15 ವೋಲ್ಟ್ ಕೊಟ್ಟಾಗ ಒಂದು ಬಣ್ಣ ಮೇಲೇಳುತ್ತದೆ, ಇನ್ನೊಂದು ತಳ ಸೇರುತ್ತದೆ. ವೋಲ್ಟೇಜ್ ತೆಗೆದರೆ ಅವುಗಳನ್ನು ಮರಳಿ ಎಳೆಯುವ ಸ್ಪ್ರಿಂಗ್ ಯಾವುದೂ ಇಲ್ಲ. ಕಣಗಳು ಗುಳಿಗೆಯ ಗೋಡೆಗೂ ಒಂದಕ್ಕೊಂದಕ್ಕೂ ಅಂಟಿಕೊಂಡು ಕೂರುತ್ತವೆ, ಸುಲಭಕ್ಕೆ ಚದುರದಂತೆ ದ್ರವಕ್ಕೆ ಪಾಲಿಮರ್ ಕೂಡ ಬೆರೆಸಿರುತ್ತಾರೆ. ಎಲ್‌ಸಿಡಿಯ ಹರಳು ಹಾಗಲ್ಲ, ಕ್ಷೇತ್ರ ಹೋದೊಡನೆ ತನ್ನ ಮೊದಲ ಭಂಗಿಗೆ ಮರಳುತ್ತದೆ. ಅದಕ್ಕೇ ಅದನ್ನು ಸೆಕೆಂಡಿಗೆ ಅರವತ್ತು ಸಲ ಬರೆಯುತ್ತಲೇ ಇರಬೇಕು. ಕಿಂಡಲ್‌ನಲ್ಲಿರುವುದೂ ಇದೇ ಬಗೆಯ ಫಿಲ್ಮ್. ಅದರ ಬ್ಯಾಟರಿ ತಿನ್ನುವುದು ಪುಟ ತಿರುವುವಿಕೆ, ಮುಂದಿನ ಲೈಟು ಮತ್ತು ರೇಡಿಯೊ.

ಹಂತ 3: ಕನ್ನಡ ಅಕ್ಷರ

ಪರದೆಯ ಮೇಲೆ ಅಕ್ಷರ ಬಿಡಿಸುವ ಅಡಾಫ್ರೂಟ್ ಜಿಎಫ್‌ಎಕ್ಸ್ ಲೈಬ್ರರಿ ಕನ್ನಡ ಜೋಡಿಸಲಾರದು. ಅದಕ್ಕೆ ಒಂದು ಸಂಕೇತ ಅಂದರೆ ಒಂದು ಚಿತ್ರ, ಅಷ್ಟೇ ಗೊತ್ತು. ‘ವಿದ್ಯುತ್’ ಬರೆಯಲು ಹೋದರೆ ದಕಾರದ ಕೆಳಗೆ ಕೂರಬೇಕಾದ ಯ ಒತ್ತು ಪಕ್ಕಕ್ಕೆ ಬಂದು ಬೀಳುತ್ತದೆ. ಚಿಪ್ಪಿನೊಳಗೇ ಇದನ್ನು ಸರಿಮಾಡಲು ಹೊರಡುವುದು ದಂಡ. ಮನೆಯಲ್ಲಿ ಸದಾ ಓಡುವ ಕಂಪ್ಯೂಟರ್ ಅಥವಾ ರಾಸ್‌ಬೆರಿ ಪೈ ಇದ್ದರೆ ಅದರಲ್ಲಿ ಪೈಥಾನಿನ ಚಿತ್ರ ಲೈಬ್ರರಿ ಪಿಲ್ಲೊದಿಂದ ಇಡೀ ಚಿತ್ರ ಬರೆಸಿ, ಇಎಸ್‌ಪಿ32ಗೆ ಬರೀ ಚುಕ್ಕಿಗಳನ್ನು ಕಳಿಸುವುದು ಒಳ್ಳೆಯದು. 400×300 ಅಂದರೆ 1,20,000 ಬಿಟ್, ಅಂದರೆ ಸರಿಯಾಗಿ 15,000 ಬೈಟ್. ಪಿಲ್ಲೊದ ಒಂದು-ಬಿಟ್ ಚಿತ್ರದಲ್ಲಿ 1 ಬಿಳಿ, 0 ಕಪ್ಪು. ಪ್ಯಾನೆಲ್ಲಿಗೂ ಅದೇ ಲೆಕ್ಕ, ಆದ್ದರಿಂದ ತಿರುಚದೆ ನೇರ ಕಳಿಸಬಹುದು.

ಇಲ್ಲಿ ಕೆಡುವುದು ಮೂರು.

ಮೊದಲನೆಯದು, ಪಿಲ್ಲೊಗೆ ರಾಕ್ಮ್ (ಒತ್ತಕ್ಷರ ಜೋಡಿಸುವ ಲೈಬ್ರರಿ) ಜೋಡಣೆ ಇರಬೇಕು. ಇಲ್ಲದಿದ್ದರೆ ಎರರ್ ಕೊಡದೆ, ಒತ್ತಕ್ಷರ ಮುರಿದ ಚಿತ್ರವನ್ನೇ ಕೊಡುತ್ತದೆ. ಫೀಚರ್ ಚೆಕ್ ಮಾಡಿ ‘ಟ್ರೂ’ ಬಂದದ್ದನ್ನು ನೋಡಿಕೊಂಡೇ ಮುಂದುವರಿಯಿರಿ.

ಎರಡನೆಯದು, ಬೂದು ಚಿತ್ರವನ್ನು ಒಂದು-ಬಿಟ್‌ಗೆ ಇಳಿಸುವಾಗ ಪಿಲ್ಲೊ ತಾನಾಗಿಯೇ ಚುಕ್ಕಿ ಚೆಲ್ಲುತ್ತದೆ. ಫೋಟೊಗೆ ಅದು ಸರಿ, ಅಕ್ಷರದ ಅಂಚಿಗೆ ಇರುವೆ ಮುತ್ತಿದಂತೆ ಕಾಣುತ್ತದೆ. ಡಿದರಿಂಗ್ ಎಂಬ ಈ ಚುಕ್ಕಿ ಚೆಲ್ಲುವಿಕೆಯನ್ನು ಆಫ್ ಮಾಡಿ, ಗಡಿಮೌಲ್ಯ ನೀವೇ ಕೊಡಿ. 128 ಕೊಟ್ಟರೆ ನೋಟೊ ಸಾನ್ಸ್ ಕನ್ನಡದ ತೆಳು ಗೆರೆ ಅಲ್ಲಲ್ಲಿ ಕಡಿಯುತ್ತದೆ. 165 ಸುತ್ತಮುತ್ತ ಇಟ್ಟರೆ ಗೆರೆ ತುಸು ದಪ್ಪಗಾಗಿ ನಿಲ್ಲುತ್ತದೆ. ಇನ್ನೂ ಏರಿಸಿದರೆ ‘ಣ’, ‘ಞ’ಗಳ ಹೊಟ್ಟೆ ತುಂಬಿಕೊಳ್ಳುತ್ತದೆ.

ಮೂರನೆಯದು ಅಳತೆ. ಈ ಪ್ಯಾನೆಲ್ ಇಂಚಿಗೆ 119 ಚುಕ್ಕಿಯಷ್ಟೇ. ಈಗಿನ ಇ-ರೀಡರ್‌ಗಳ 300ಕ್ಕೆ ಹೋಲಿಸಿದರೆ ಒರಟು. 26 ಪಿಕ್ಸೆಲ್‌ಗಿಂತ ಕಿರಿದಾದರೆ ಒತ್ತಕ್ಷರ ಮಚ್ಚೆಯಾಗುತ್ತದೆ. ಸಾಲಿನ ನಡುವಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಹಂತ 4: ಪರದೆಯನ್ನು ಮಲಗಿಸುವುದು

ಇಷ್ಟೂ ಕೆಲಸದಲ್ಲಿ ಪ್ಯಾನೆಲ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಚಿತ್ರ ನಿಂತಿತು ಎಂದರೆ ಪರದೆಗೆ ಹೋಗುವ ಕರೆಂಟ್ ನಿಂತಿತು ಎಂದಲ್ಲ. ಮಾಡ್ಯೂಲಿನ ಮೇಲಿರುವ ಸುರುಳಿ ಮತ್ತು ಡಯೋಡ್‌ಗಳು 3.3 ವೋಲ್ಟನ್ನು ಏರಿಸಿ, ಗೇಟ್ ಸಾಲಿಗೆ ಪ್ಲಸ್-ಮೈನಸ್ 20 ವೋಲ್ಟ್ ಆಸುಪಾಸು ಮಾಡಿಕೊಂಡಿರುತ್ತವೆ. ಪ್ರೋಗ್ರಾಂ ಅದನ್ನು ಆರಿಸದೆ ಬಿಟ್ಟರೆ ಗಾಜಿನ ಮೇಲೆ ಆ ವೋಲ್ಟೇಜ್ ಗಂಟೆಗಟ್ಟಲೆ ಕೂರುತ್ತದೆ. ಮೊದಲು ಕಾಣುವುದು ಬಿಳಿ ಜಾಗ ತುಸು ಹಳದಿ-ಬೂದು ತಿರುಗುವುದು. ವಾರಗಳ ಮೇಲೆ, ಎಷ್ಟು ಮಿಣುಕಿಸಿದರೂ ಹೋಗದ ನೆರಳು. ಮಾಡ್ಯೂಲ್ ತಯಾರಕರು ಬರೆದ ತಕ್ಷಣ ಮಲಗಿಸಿ ಎಂದು ದಪ್ಪಕ್ಷರದಲ್ಲಿ ಹೇಳುವುದು ಇದಕ್ಕೇ.

ಕ್ರಮ ಹೀಗೆ, ಒಂದೂ ಹಿಂದುಮುಂದಾಗದೆ:

1. ಚಿತ್ರ ಕಳಿಸಿ, ರಿಫ್ರೆಶ್ ಕೊಡಿ.
2. ಬಿಜಿ ಪಿನ್ ಬಿಡುವಾಗುವವರೆಗೆ ಕಾಯಿರಿ.
3. ಪವರ್-ಆಫ್ ಆಜ್ಞೆ (ಯುಸಿ ಚಿಪ್ಪಿಗೆ ಹೆಕ್ಸ್ 02). ಮತ್ತೆ ಬಿಜಿ ಕಾಯಿರಿ.
4. ಡೀಪ್ ಸ್ಲೀಪ್ ಆಜ್ಞೆ (ಹೆಕ್ಸ್ 07, ಅದರ ಹಿಂದೆ ಎ5).
5. ಆಮೇಲೆ ಮಾತ್ರ ಮಾಸ್‌ಫೆಟ್‌ನಿಂದ ವಿಸಿಸಿ ಕಡಿಯಿರಿ.

ಜಿಎಕ್ಸ್‌ಇಪಿಡಿ2ದಲ್ಲಿ ‘ಹೈಬರ್ನೇಟ್’ ಕರೆದರೆ 3 ಮತ್ತು 4 ಒಟ್ಟಿಗೆ ಆಗುತ್ತವೆ. ಹಂತ 1ರಲ್ಲಿ ಹೇಳಿದ ತಪ್ಪು ಕ್ಲಾಸ್ ಇದ್ದರೆ ಎರಡನೇ ಹೆಜ್ಜೆ ಕ್ಷಣದಲ್ಲಿ ದಾಟಿ, ರಿಫ್ರೆಶ್ ನಡುವೆಯೇ ವಿಸಿಸಿ ಕಡಿದುಹೋಗುತ್ತದೆ. ಗಂಟೆಗೊಮ್ಮೆ ಆ ಬೂದು ಚಿತ್ರವೇ ಗತಿ.

ಸರಿಯಾಗಿ ಮಲಗಿತೇ ಎಂದು ನೋಡಲು ಮಲ್ಟಿಮೀಟರ್ ಸಾಕು. ಚಪ್ಪಟೆ ಕೇಬಲಿನ ಸಾಕೆಟ್ ಪಕ್ಕದ ಸಾಲು ಕೆಪಾಸಿಟರ್‌ಗಳಲ್ಲಿ ಒಂದು, ರಿಫ್ರೆಶ್ ಹೊತ್ತಿಗೆ 20 ವೋಲ್ಟ್ ಹತ್ತಿರ ತೋರಿಸುತ್ತದೆ. ಮೈನಸ್ ಮೊನೆ ಗ್ರೌಂಡಿಗಿಟ್ಟು ಅದನ್ನು ಹುಡುಕಿ. ಮಲಗಿಸಿದ ಕೆಲವೇ ಸೆಕೆಂಡಿನಲ್ಲಿ ಅದು ಇಳಿದುಹೋಗಬೇಕು. ಇಳಿಯದಿದ್ದರೆ ಆಜ್ಞೆ ತಲುಪಿಲ್ಲ.

ಮಾಸ್‌ಫೆಟ್ ಯಾಕೆ? ಮಾಡ್ಯೂಲಿನ ಮೇಲಿರುವ ರೆಗ್ಯುಲೇಟರ್ ಮತ್ತು ಲೆವೆಲ್ ಶಿಫ್ಟರ್ ಪರದೆ ಮಲಗಿದ್ದಾಗಲೂ ಹತ್ತಾರು ಮೈಕ್ರೊಆಂಪ್ ಕುಡಿಯುತ್ತಿರುತ್ತವೆ. ಎಒ3401ರ ಸೋರ್ಸ್ ಸೆಲ್ಲಿನ ಪ್ಲಸ್‌ಗೆ, ಡ್ರೇನ್ ಮಾಡ್ಯೂಲಿನ ವಿಸಿಸಿಗೆ, ಗೇಟ್ ಇಎಸ್‌ಪಿ32ರ 25ನೇ ಪಿನ್ನಿಗೆ. ಗೇಟ್ ಮತ್ತು ಸೋರ್ಸ್ ನಡುವೆ 100 ಕೆ. ಪಿನ್ ಕೆಳಗಿಳಿಸಿದರೆ ಆನ್. ಇಎಸ್‌ಪಿ32 ಮಲಗಿ ಪಿನ್ ಕೈಬಿಟ್ಟಾಗ 100 ಕೆ ಗೇಟನ್ನು ಮೇಲೆಳೆದು ತಾನಾಗಿ ಆಫ್.

ಇಲ್ಲೊಂದು ಕಳ್ಳದಾರಿ ಇದೆ. ವಿಸಿಸಿ ಕಡಿದ ಮೇಲೆ ಸಿಎಸ್ ಅಥವಾ ರಿಸೆಟ್ ಪಿನ್ ಇನ್ನೂ 3.2 ವೋಲ್ಟಿನಲ್ಲಿದ್ದರೆ, ಚಿಪ್ಪಿನ ಒಳಗಿನ ರಕ್ಷಣಾ ಡಯೋಡ್ ಮೂಲಕ ಕರೆಂಟ್ ಒಳನುಗ್ಗಿ ಮಾಡ್ಯೂಲ್ ಅರೆಜೀವದಲ್ಲಿ ಎಚ್ಚರವಿರುತ್ತದೆ. ವಿಸಿಸಿ ಪಿನ್ನಿನಲ್ಲಿ 2 ವೋಲ್ಟ್ ಆಸುಪಾಸು ಕಂಡರೆ ಇದೇ ಕಾರಣ. ಕಡಿಯುವ ಮುನ್ನ ಐದೂ ಔಟ್‌ಪುಟ್ ಪಿನ್‌ಗಳನ್ನು ಇನ್‌ಪುಟ್ ಮಾಡಿಬಿಡಿ.

ಹಂತ 5: ಬೇಗನೆ ಬದಲಿಸುವ ಆಸೆ

ಗಂಟೆಗೊಮ್ಮೆ ಇಡೀ ಪರದೆ ಮಿಣುಕುವುದು ಕೆಲವರಿಗೆ ಕಿರಿಕಿರಿ. ಭಾಗಶಃ ರಿಫ್ರೆಶ್ ಮಾಡಿದರೆ ಮಿಣುಕದೆ ಬದಲಾಗುತ್ತದೆ, ಆದರೆ ಅದಕ್ಕೆ ಕಂಟ್ರೋಲರಿಗೆ ಎರಡು ಚಿತ್ರ ಬೇಕು: ಈಗ ಗಾಜಿನ ಮೇಲಿರುವುದು, ಮುಂದೆ ಬರಬೇಕಾದದ್ದು. ಬದಲಾಗಬೇಕಾದ ಪಿಕ್ಸೆಲ್‌ಗಷ್ಟೇ ವೋಲ್ಟೇಜ್ ಕೊಡುವುದು ಅದರ ಉಪಾಯ. ತಮಾಷೆ ಏನೆಂದರೆ, ಗಾಜಿನಲ್ಲಿ ಚಿತ್ರ ಉಳಿದಿದೆ, ಕಂಟ್ರೋಲರಿನ ಮೆಮೊರಿಯಲ್ಲಿ ಉಳಿದಿಲ್ಲ. ವಿಸಿಸಿ ಕಡಿದಾಗಲೇ ಅದು ಖಾಲಿ. ಗಾಜಿನಿಂದ ಓದಿಕೊಳ್ಳುವ ದಾರಿಯೂ ಇಲ್ಲ. ಹಾಗೇ ಭಾಗಶಃ ರಿಫ್ರೆಶ್ ಕೊಟ್ಟರೆ ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ ಕೂತು ಎರಡೂ ಓದಲಾಗದ ಗೊಜ್ಜಾಗುತ್ತದೆ.

ಹಾಗಾಗಿ ಎಚ್ಚರವಾದೊಡನೆ ಹಳೆಯ ಚಿತ್ರವನ್ನು ಮತ್ತೆ ಬರೆದುಕೊಡಬೇಕು. ಯುಸಿ8176ರಲ್ಲಿ ಹಳೆಯದು ಹೆಕ್ಸ್ 10ಕ್ಕೆ, ಹೊಸದು 13ಕ್ಕೆ; ಎಸ್‌ಎಸ್‌ಡಿ1683ರಲ್ಲಿ ಹಳೆಯದು 26ಕ್ಕೆ, ಹೊಸದು 24ಕ್ಕೆ. ಹಳೆಯ 15,000 ಬೈಟ್ ಎಲ್ಲಿಡುವುದು? ಇಎಸ್‌ಪಿ32 ಮಲಗಿದ್ದಾಗ ಉಳಿಯುವ ಆರ್‌ಟಿಸಿ ನಿಧಾನ ಮೆಮೊರಿ 8 ಕೆಬಿ ಮಾತ್ರ, ಹಿಡಿಸುವುದಿಲ್ಲ. ಫ್ಲ್ಯಾಶಿನಲ್ಲಿ ಲಿಟಲ್‌ಎಫ್‌ಎಸ್ (ಫ್ಲ್ಯಾಶಿನಲ್ಲಿ ಕಡತ ಇಡುವ ವ್ಯವಸ್ಥೆ) ಕಡತವಾಗಿ ಇಡಬೇಕು. ಇಷ್ಟೆಲ್ಲ ಮಾಡಿದರೂ ಐದಾರು ಭಾಗಶಃ ರಿಫ್ರೆಶ್ ಆಗುವಷ್ಟರಲ್ಲಿ ನೆರಳು ತುಂಬಿ ಒಮ್ಮೆ ಪೂರ್ತಿ ಮಿಣುಕಿಸಲೇಬೇಕು. ಮಿಣುಕುವುದು ಬರೀ ಶಾಸ್ತ್ರವಲ್ಲ: ಕಣಗಳು ಎಲ್ಲಿವೆ ಎಂದು ಕಂಟ್ರೋಲರಿಗೆ ಗೊತ್ತಿಲ್ಲದ ಕಾರಣ ಎಲ್ಲವನ್ನೂ ಒಂದು ತುದಿಗೆ ಒತ್ತಿ ಆಮೇಲೆ ಜಾಗಕ್ಕೆ ತರುತ್ತದೆ, ಪ್ಲಸ್ ಕೊಟ್ಟಷ್ಟು ಮೈನಸ್ಸೂ ಕೊಟ್ಟು ಲೆಕ್ಕ ಸರಿದೂಗಿಸುತ್ತದೆ. ಗಂಟೆಗೊಮ್ಮೆ ಬದಲಾಗುವ ಫಲಕಕ್ಕೆ ಪೂರ್ತಿ ರಿಫ್ರೆಶ್ಶೇ ಸಾಕು ಎಂದು ಈ ಹಂತವನ್ನು ಕೈಬಿಟ್ಟದ್ದಾಯಿತು. ಗಡಿಯಾರದ ನಿಮಿಷ ತೋರಿಸುವ ಹುಚ್ಚಿದ್ದರೆ ಮಾತ್ರ ಬೇಕು. ಆಗಲೂ, ಎರಡು ಪೂರ್ತಿ ರಿಫ್ರೆಶ್ ನಡುವೆ ಕನಿಷ್ಠ 180 ಸೆಕೆಂಡ್ ಇರಲಿ ಎಂಬುದು ತಯಾರಕರ ಮಾತು.

ಹಂತ 6: ಕರೆಂಟ್ ಅಳತೆ

ಡೆವಲಪ್‌ಮೆಂಟ್ ಬೋರ್ಡನ್ನು ಡೀಪ್ ಸ್ಲೀಪ್‌ಗೆ ಹಾಕಿ ಅಳೆದರೆ 8 ಮಿಲಿಆಂಪ್ ಹತ್ತಿರ. ಇಎಸ್‌ಪಿ32 ಚಿಪ್ ತಾನು ಕುಡಿಯುವುದು 10 ಮೈಕ್ರೊಆಂಪ್. ಉಳಿದದ್ದೆಲ್ಲ ಎಎಂಎಸ್1117 ರೆಗ್ಯುಲೇಟರ್, ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ ಪಾಲು. ದಿನಕ್ಕೆ 192 ಎಂಎಎಚ್ ಸುಮ್ಮನೆ ಸೋರಿಕೆ. ಸೆಲ್ಲಿನ 80 ಶೇಕಡ, 4800 ಎಂಎಎಚ್ ಹಿಡಿದರೂ 25 ದಿನಕ್ಕೆ ಮುಗಿಯಿತು.

ಬೋರ್ಡ್ ಬಿಟ್ಟು ಬರೀ ವ್ರೂಮ್ ಮಾಡ್ಯೂಲನ್ನು ಸೆಲ್ಲಿಗೆ ನೇರ ಬೆಸೆದರೆ ರೆಗ್ಯುಲೇಟರ್ ಬೇಕಿಲ್ಲ. ಐರನ್ ಫಾಸ್ಫೇಟ್ ಸೆಲ್ಲಿನ 3.2 ವೋಲ್ಟ್ ಮಾಡ್ಯೂಲಿಗೆ ಬೇಕಾದ 3.0–3.6ರ ನಡುವೆಯೇ ಬರುತ್ತದೆ. ಚಾರ್ಜರಿನಲ್ಲಿ ಇರುವಾಗ ಮಾತ್ರ ಸಂಪರ್ಕ ತೆಗೆದಿಡಿ, ಆ ತುದಿ 3.6ಕ್ಕೆ ತೀರಾ ಹತ್ತಿರ. ಎನೇಬಲ್ ಪಿನ್ನಿಗೆ 10 ಕೆ ಮೇಲಕ್ಕೆ, 1 ಮೈಕ್ರೊಫ್ಯಾರಡ್ ಗ್ರೌಂಡಿಗೆ. 470 ಮೈಕ್ರೊಫ್ಯಾರಡ್ ಮಾಡ್ಯೂಲಿನ ಮಗ್ಗುಲಲ್ಲೇ. ದೂರವಿಟ್ಟರೆ ವೈಫೈ ಏಳುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಬ್ರೌನ್‌ಔಟ್ ರಿಸೆಟ್.

ಅಳೆಯುವಾಗಿನ ಗೊಂದಲ: ಮಲ್ಟಿಮೀಟರಿನ ಮೈಕ್ರೊಆಂಪ್ ಶ್ರೇಣಿಯೊಳಗೆ ನೂರಾರು ಓಮ್ ಇರುತ್ತದೆ. ಇಎಸ್‌ಪಿ32 ಎದ್ದಾಗ ಅಷ್ಟು ಕರೆಂಟ್ ಅದರೊಳಗೆ ಹರಿಯಲಾರದೆ ವೋಲ್ಟೇಜ್ ಕುಸಿದು ಮತ್ತೆ ಮತ್ತೆ ಬೂಟ್ ಆಗುತ್ತಿರುತ್ತದೆ. ಮೀಟರ್ ನೋಡಿದರೆ ಬೋರ್ಡ್ ಮಲಗುತ್ತಲೇ ಇಲ್ಲ ಅನ್ನಿಸುತ್ತದೆ. ಮೀಟರಿನ ಎರಡು ಮೊನೆಗೆ ಒಂದು ವೈರ್ ಶಾರ್ಟ್ ಹಾಕಿ ಬೂಟ್ ಆಗಲು ಬಿಡಿ, ಪರದೆ ಬರೆದು ಮಲಗಿದ ಮೇಲೆ ವೈರ್ ತೆಗೆಯಿರಿ. ಆಗ ಬಂದದ್ದು 15 ಮೈಕ್ರೊಆಂಪ್.

ಒಂದು ಸಲ ಎದ್ದು ಮಲಗಲು: ವೈಫೈ 6 ಸೆಕೆಂಡ್ ಸರಾಸರಿ 120 ಮಿಲಿಆಂಪ್, 0.2 ಎಂಎಎಚ್. ರಿಫ್ರೆಶ್ 4 ಸೆಕೆಂಡ್, ರೇಡಿಯೊ ಆರಿಸಿ 48 ಮಿಲಿಆಂಪ್ (ಅದರಲ್ಲಿ ಪರದೆಯ ಪಾಲು 8ರಷ್ಟೇ), 0.05 ಎಂಎಎಚ್. ಇಪ್ಪತ್ನಾಲ್ಕು ಸಲಕ್ಕೆ 6, ನಿದ್ದೆಗೆ 0.4, ದಿನಕ್ಕೆ 6.5 ಎಂಎಎಚ್. ಸೆಲ್ಲಿನ ಮೇಲೆ ಬರೆದ 6000 ನಂಬಬೇಡಿ, ಅರ್ಧ ಸಿಕ್ಕರೂ ಒಂದು ವರ್ಷದ ಮಾತು.

ಹಂತ 7: ಗೋಡೆಗೆ

ಬಿಸಿಲು ನೇರ ಬೀಳದ ಜಾಗ ನೋಡಿ. ಪ್ಯಾನೆಲ್ಲಿನ ಮಿತಿ 0ರಿಂದ 50 ಡಿಗ್ರಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಗಾಜಿನ ಹಿಂದಿನ ಕಪ್ಪು ಪೆಟ್ಟಿಗೆ ಅದನ್ನು ದಾಟುವುದು ಕಷ್ಟವೇನಲ್ಲ.

ಕರೆಂಟ್ ಹೋದರೆ ರೌಟರೂ ಹೋಗುತ್ತದೆ. ವೈಫೈ ಸಿಗುವವರೆಗೆ ಹುಡುಕು ಎಂದು ಬರೆದಿದ್ದರೆ ಒಂದೇ ರಾತ್ರಿಯ ಪವರ್ ಕಟ್ ಸಾವಿರ ಎಂಎಎಚ್ ನುಂಗುತ್ತದೆ. 12 ಸೆಕೆಂಡ್ ಮಿತಿ ಇಡಿ. ಸಿಗದಿದ್ದರೆ ಪರದೆ ಮುಟ್ಟದೆ ಮಲಗಲಿ.

ಆಗ ಬರುವ ತೊಂದರೆ ಬೇರೆ. ನಿಂತುಹೋದ ಫಲಕಕ್ಕೂ ಓಡುತ್ತಿರುವ ಫಲಕಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ನಿನ್ನೆಯ ನೀರಿನ ಹೊತ್ತನ್ನು ಇವತ್ತೂ ಅಷ್ಟೇ ಗಟ್ಟಿಯಾಗಿ ತೋರಿಸುತ್ತಿರುತ್ತದೆ, ಕೊಡ ಇಟ್ಟು ಕಾದವರೇ ಬೇಸ್ತು. ಹಾಗಾಗಿ ಕೆಳಗಿನ ಮೂಲೆಯಲ್ಲಿ ‘ಬರೆದದ್ದು: ತಾರೀಕು, ಗಂಟೆ’ ಎಂಬ ಸಾಲು ಬೇಕೇ ಬೇಕು, 26 ಪಿಕ್ಸೆಲ್‌ಗಿಂತ ಚಿಕ್ಕದಾಗದೆ.

ಬ್ಯಾಟರಿ ಅಳೆಯಲು 1 ಮೆಗಾಓಮ್ ಎರಡನ್ನು ಸರಣಿಯಲ್ಲಿ ಸೆಲ್ಲಿಗೆ ಹಾಕಿ, ನಡುವಿನ ಬಿಂದು 34ನೇ ಪಿನ್ನಿಗೆ, ಅಲ್ಲೊಂದು 100 ನ್ಯಾನೊಫ್ಯಾರಡ್. ಚಿಪ್ಪಿನಲ್ಲಿ ವೋಲ್ಟೇಜ್ ಓದುವ ಎರಡನೇ ಘಟಕದ (ಎಡಿಸಿ2) ಪಿನ್‌ಗಳು ವೈಫೈ ಆನ್ ಇದ್ದಾಗ ಓದುವುದಿಲ್ಲ, ಅದಕ್ಕೇ 34. ಈ ಜಾತಿಯ ಸೆಲ್ ಬಹುಪಾಲು ಆಯುಷ್ಯ 3.2ರಲ್ಲೇ ಚಪ್ಪಟೆಯಾಗಿ ಕಳೆದು ಕೊನೆಯಲ್ಲಿ ಧುಮುಕುತ್ತದೆ, ಆದ್ದರಿಂದ ಶೇಕಡಾ ತೋರಿಸುವ ಪ್ರಯತ್ನ ವ್ಯರ್ಥ. 3.0ಕ್ಕಿಂತ ಕೆಳಗೆ ಕಂಡರೆ ‘ಬ್ಯಾಟರಿ ಮುಗಿದಿದೆ, ಚಾರ್ಜ್ ಮಾಡಿ’ ಎಂಬ ಚಿತ್ರ ಬರೆದು, ಟೈಮರ್ ಇಡದೆ ಮಲಗಿಸಿ. ಬ್ಯಾಟರಿ ಪೂರ್ತಿ ಖಾಲಿಯಾದ ಕಿಂಡಲ್ ಮೇಲೆ ಬ್ಯಾಟರಿ ಚಿಹ್ನೆ ಹಾಗೇ ನಿಂತಿರುವುದು ಇದೇ ಉಪಾಯದಿಂದ. ಆ 15,000 ಬೈಟ್ ಮೊದಲೇ ಫ್ಲ್ಯಾಶಿನಲ್ಲಿರಲಿ, ವೋಲ್ಟೇಜ್ ಪರೀಕ್ಷೆ ವೈಫೈ ಏಳಿಸುವ ಮೊದಲೇ ನಡೆಯಲಿ. ಆ ಹೊತ್ತಿಗೆ ಸೆಲ್ಲಿನಲ್ಲಿ ಪರದೆಗೆ ಬೇಕಾದಷ್ಟು ಉಳಿದಿರುತ್ತದೆ, ರೇಡಿಯೊಗೆ ಬೇಕಾದಷ್ಟು ಇರುವುದಿಲ್ಲ.